ಪಾಚಿಯನ್ನು ಶೋಧಿಸಿದವರು

ಮದರಾಸಿನ ಕನ್ನಡಿಗರೆಂದರೆ ತಿರುವಲ್ಲಿಕ್ಕೇಣಿ, ಮೈಲಾಪುರ, ತ್ಯಾಗರಾಯನಗರ ಎಂದು ಬೆರಳು ಮಡಿಸಿ ಎಣಿಸುತ್ತಿದ್ದ ಕಾಲ ಹೋಗಿ ಬಹಳ ದಿನಗಳಾದವು. ಊರು ದಕ್ಷಿಣಕ್ಕೆ ಬೆಳೆದಂತೆ ನಮ್ಮ ಸಂಸಾರಗಳೂ ಬೆಳೆದು, ಈಗ ವೇಲಚೇರಿ, ಮಡಿಪಾಕ್ಕಂ, ಪಳ್ಳಿಕರಣೆಗಳವರೆಗೂ ಹಬ್ಬಿವೆ. 2007ರಲ್ಲಿ ವೇಲಚೇರಿಗೆ ಎತ್ತರದ ರೈಲು ಬಂದ ಮೇಲಂತೂ ಅಲ್ಲಿ ಬಾಡಿಗೆಗೆ ಮನೆ ಹುಡುಕುವವರ ಸಂಖ್ಯೆ ಇನ್ನೂ ಹೆಚ್ಚಿತು. ಚೋಳರ ಕಾಲದಷ್ಟು ಹಳೆಯದಾದ ದಂಡೀಶ್ವರನ ಗುಡಿ ಅಲ್ಲಿದೆ. ಅದಕ್ಕೆ ತಕ್ಕ ಹಳೆಯ ಕೆರೆಯೂ ಇದೆ. ತಮಿಳರು ಕೆರೆಯನ್ನೇ ‘ಏರಿ’ ಎನ್ನುತ್ತಾರೆ. ನಮಗೆ ಏರಿ ಎಂದರೆ ಕೆರೆಯ ಕಟ್ಟೆ ಮಾತ್ರ. ಹೊಸದಾಗಿ ಬಂದ ಕನ್ನಡಿಗ ‘ವೇಲಚೇರಿ ಏರಿ’ಯನ್ನು ಹುಡುಕುತ್ತ ಕಟ್ಟೆಗಾಗಿ ಕಣ್ಣು ಹಾಯಿಸಿದರೆ ಆಶ್ಚರ್ಯವಿಲ್ಲ. ಈಗಂತೂ ಕೆರೆಯನ್ನೇ ಹುಡುಕಬೇಕಾದ ಸ್ಥಿತಿ. ಹಿಂದೆ 250 ಎಕರೆಗೂ ಮಿಗಿಲಾಗಿತ್ತೆಂದು ಹೇಳುವ ಆ ನೀರು ಇಂದು 55 ಎಕರೆಯ ಆಸುಪಾಸಿಗೆ ಇಳಿದಿದೆ. ಉಳಿದ ಕೆರೆಯಂಗಳದಲ್ಲಿ ಮನೆಗಳು, ರಸ್ತೆಗಳು. 2015ರ ಡಿಸೆಂಬರಿನ ಮಳೆಯಲ್ಲಿ ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬಂದದ್ದನ್ನು ಅಲ್ಲಿನ ನಮ್ಮ ಬಂಧುಗಳು ಮರೆತಿರಲಾರರು.

ಈ ಕೆರೆಯ ಹಸಿರು ಬಣ್ಣವನ್ನು ನೋಡಿ ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ಆದರೆ ಸುಮಾರು ಹದಿನೈದು ವರ್ಷಗಳ ಹಿಂದೆ ಇಂಥದೇ ಹಸಿರಿನಿಂದ ಡೀಸೆಲ್ ತೆಗೆಯಬಹುದೆಂಬ ವಾರ್ತೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುತ್ತಿದ್ದೇವೆ ಎಂದು ಆಗ ಅನೇಕರಿಗೆ ಅನ್ನಿಸಿದ್ದುಂಟು. ಆ ಡೀಸೆಲ್ ಏಕೆ ಬರಲಿಲ್ಲ? ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ವೇಲಚೇರಿಯ ಸುತ್ತ ಐದಾರು ಕಿಲೋಮೀಟರಿನೊಳಗೆ, ಗಿಂಡಿಯಲ್ಲಿ, ತರಮಣಿಯಲ್ಲಿ, ಪಳ್ಳಿಕರಣೆಯಲ್ಲಿ, ಈ ಚರಿತ್ರೆಯ ಒಂದೊಂದು ಅಧ್ಯಾಯ ನಡೆದಿದೆ. ಮತ್ತೊಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಮೈಸೂರಿನಲ್ಲಿ.

ಮೊದಲು ಪಾಚಿಯ ಪರಿಚಯ ಆಗಲಿ. ತಮಿಳಿನಲ್ಲಿ ‘ಪಾಸಿ’, ನಮ್ಮಲ್ಲಿ ‘ಪಾಚಿ’, ಒಂದೇ ಮಾತು. ಬಚ್ಚಲ ಕಲ್ಲಿನ ಮೇಲೆ ಜಾರಿಸುವುದೂ ಅದೇ, ಬಾವಿಯ ಗೋಡೆಗೆ ಹಸಿರು ಬಳಿಯುವುದೂ ಅದೇ. ಇದರಲ್ಲಿ ಬರಿಗಣ್ಣಿಗೆ ಒಂಟಿಯಾಗಿ ಕಾಣದಷ್ಟು ಸಣ್ಣವು ಸೂಕ್ಷ್ಮ ಪಾಚಿಗಳು. ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಒಂದೊಂದು ಕೋಶವೇ ಒಂದೊಂದು ಗಿಡ. ಬಿಸಿಲು, ಗಾಳಿಯ ಇಂಗಾಲಾಮ್ಲ, ನೀರಿನಲ್ಲಿ ಕರಗಿದ ಸಾರಜನಕ, ರಂಜಕ ಇಷ್ಟು ಸಿಕ್ಕರೆ ಒಂದು ದಿನದಲ್ಲಿ ಒಂದು ಎರಡಾಗುತ್ತದೆ. ನೀರಿನಲ್ಲಿ ಸಾರಜನಕ ಕಡಿಮೆಯಾದಾಗ ಕೆಲವು ಜಾತಿಗಳು ಮೈ ಬೆಳೆಸುವುದನ್ನು ನಿಲ್ಲಿಸಿ, ಕಷ್ಟಕಾಲಕ್ಕೆಂದು ಕೊಬ್ಬನ್ನು ಕೂಡಿಡುತ್ತವೆ. ಆ ಕೊಬ್ಬೇ ನಮಗೆ ಬೇಕಾದ ಎಣ್ಣೆ. ಉಣಿಸಿದರೆ ಬೆಳೆ ಹೆಚ್ಚು, ಎಣ್ಣೆ ಕಡಿಮೆ. ಉಪವಾಸ ಕೆಡವಿದರೆ ಎಣ್ಣೆ ಹೆಚ್ಚು, ಬೆಳೆ ಕಡಿಮೆ. ಈ ಜಗ್ಗಾಟ ಇಂದಿಗೂ ಮುಗಿದಿಲ್ಲ.

ದಕ್ಷಿಣ ಭಾರತದ ಕೆರೆಕುಂಟೆಗಳಲ್ಲಿ ಎಂತೆಂಥ ಪಾಚಿಗಳಿವೆ ಎಂಬುದನ್ನು ಶಾಸ್ತ್ರೀಯವಾಗಿ ನೋಡಲು ಕಲಿಸಿದವರು ಎಂ. ಒ. ಪಾರ್ಥಸಾರಥಿ ಅಯ್ಯಂಗಾರ್ಯರು. ಇನಿಷಿಯಲ್‌ಗಳಲ್ಲಿನ ಮೊದಲ ಅಕ್ಷರ ಮಂಡಯಂ. ಆ ಮನೆತನದ ಹೆಸರು ನಮ್ಮ ಮಂಡ್ಯ–ಮೇಲುಕೋಟೆ ಸೀಮೆಯದೆಂದು ಓದುಗರಿಗೆ ಹೇಳಬೇಕಾಗಿಲ್ಲ. 1886ರಲ್ಲಿ ಮದರಾಸಿನಲ್ಲಿ ಹುಟ್ಟಿದ ಅಯ್ಯಂಗಾರ್ಯರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದು, ಲಂಡನ್ನಿಗೆ ಹೋಗಿ ಪಾಚಿಶಾಸ್ತ್ರದಲ್ಲಿ ಹೆಸರಾಂತ ಫ್ರಿಟ್ಷ್ ಅವರ ಬಳಿ ಕೆಲಸ ಮಾಡಿ ಬಂದವರು. ಆಮೇಲೆ ಮದರಾಸು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಯೋಗಶಾಲೆಯ ನಿರ್ದೇಶಕರಾದರು. ಒಣಗುತ್ತಿರುವ ಕುಂಟೆಯ ಕೆಸರಿನಲ್ಲಿ, ಅರ್ಧ ಮಣ್ಣೊಳಗೂ ಅರ್ಧ ಮೇಲೂ ಬೆಳೆಯುವ ಒಂದು ವಿಚಿತ್ರ ಹಸಿರು ಪಾಚಿಯನ್ನು ಅವರು ಕಂಡುಹಿಡಿದು, 1932ರಲ್ಲಿ ಗುರುವಿನ ಹೆಸರಿನಲ್ಲಿ ಅದಕ್ಕೆ ‘ಫ್ರಿಟ್ಷಿಯೆಲ್ಲ’ ಎಂದು ನಾಮಕರಣ ಮಾಡಿದರು. ನೀರಿನ ಸಸ್ಯ ನೆಲಕ್ಕೆ ಹೇಗೆ ಹತ್ತಿರಬಹುದೆಂಬುದರ ಸುಳಿವಾಗಿ ಆ ಪಾಚಿ ಜಗತ್ತಿನ ಪಠ್ಯಪುಸ್ತಕಗಳನ್ನೆಲ್ಲ ಸೇರಿತು. 1963ರಲ್ಲಿ ಅವರು ತೀರಿಕೊಂಡಾಗ ಭಾರತೀಯ ಪಾಚಿಶಾಸ್ತ್ರದ ಪಿತಾಮಹನೆಂಬ ಗೌರವ ಅವರಿಗಾಗಲೇ ಸಂದಿತ್ತು.

ಅವರ ಕಾಲದಲ್ಲಿ ಪಾಚಿಯಿಂದ ಎಣ್ಣೆ ಎಂಬ ಮಾತು ಮದರಾಸಿನಲ್ಲಿ ಯಾರಿಗೂ ಹೊಳೆದಿರಲಾರದು. ಆದರೆ ಅವರ ಪರಂಪರೆಯವರು ಕಟ್ಟಿದ ಕೋಶಗಳಿಲ್ಲದಿದ್ದರೆ ಮುಂದಿನ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಅವರ ಶಿಷ್ಯ ಟಿ. ವಿ. ದೇಶಿಕಾಚಾರಿಯವರು ನೀಲಿ–ಹಸಿರು ಪಾಚಿಗಳ ಬೃಹತ್ ಗ್ರಂಥವನ್ನು 1959ರಲ್ಲಿ ಹೊರತಂದರು. ಅದೇ ಮಾಲೆಯಲ್ಲಿ ಎಂ. ಟಿ. ಫಿಲಿಪೋಸರ ಗ್ರಂಥ 1967ರಲ್ಲಿ ಬಂತು. ಈ ಎರಡನೆಯದರಲ್ಲಿ ಬರುವ ಕ್ಲೋರೆಲ್ಲ, ಸೀನೆಡೆಸ್ಮಸ್ ಮೊದಲಾದ ಸಿಹಿನೀರಿನ ಪಾಚಿಗಳೇ ಮುಂದೆ ಎಣ್ಣೆಯ ಕಥೆಯ ನಾಯಕರಾದವು. ಬೆಳೆಗೆ ಮೊದಲು ಬೀಜ ಗೊತ್ತಿರಬೇಕಲ್ಲ! ಈ ವಿದ್ಯೆಯ ಕೇಂದ್ರ ಇಂದಿಗೂ ವಿಶ್ವವಿದ್ಯಾಲಯದ ಗಿಂಡಿ ಆವರಣದಲ್ಲಿದೆ.

ಹೊರಜಗತ್ತಿನ ಸುದ್ದಿಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಕೊಬ್ಬಿಗೆ ಬರ ಬಂದಾಗ, 1942ರಲ್ಲಿ, ಜರ್ಮನಿಯ ಹಾರ್ಡರ್ ಮತ್ತು ಫಾನ್ ವಿಟ್ಷ್ ಎಂಬ ವಿಜ್ಞಾನಿಗಳು ಸೂಕ್ಷ್ಮ ಪಾಚಿಯಿಂದ ಕೊಬ್ಬು ತೆಗೆಯಬಹುದೆಂದು ಸೂಚಿಸಿದರು. 1951ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಒಂದು ಕಟ್ಟಡದ ಮಾಳಿಗೆಯ ಮೇಲೆ ಕ್ಲೋರೆಲ್ಲ ಬೆಳೆಸುವ ಮೊದಲ ಮಾದರಿ ಘಟಕ ನಿಂತಿತು. 1960ರ ಹೊತ್ತಿಗೆ ಕ್ಯಾಲಿಫೋರ್ನಿಯದ ಆಸ್ವಾಲ್ಡ್ ಮತ್ತು ಗೊಲ್ಯೂಕೆ ಎಂಬವರು ಚರಂಡಿ ನೀರಿನಲ್ಲಿ ಪಾಚಿ ಬೆಳೆದು, ಅದನ್ನು ಕೊಳೆಸಿ, ಅನಿಲ ಪಡೆದು ವಿದ್ಯುತ್ತು ಮಾಡುವ ಲೆಕ್ಕ ಹಾಕಿದರು. 1973ರಲ್ಲಿ ಅರಬರು ತೈಲದ ಕೈ ಬಿಗಿಹಿಡಿದಾಗ ಎಲ್ಲರಿಗೂ ಎಚ್ಚರವಾಯಿತು. 1978ರಲ್ಲಿ ಅಮೆರಿಕ ಸರ್ಕಾರ ಪಾಚಿ ಎಣ್ಣೆಗೆಂದೇ ಒಂದು ಯೋಜನೆ ಆರಂಭಿಸಿತು. ಸುಮಾರು 3,000 ತಳಿಗಳನ್ನು ಕೂಡಿಹಾಕಿ, ನ್ಯೂ ಮೆಕ್ಸಿಕೋದ ಮರಳುಗಾಡಿನಲ್ಲಿ 1,000 ಚದರ ಮೀಟರಿನ ಕೊಳಗಳನ್ನು ತೋಡಿಸಿ ನೋಡಿತು. ಹಗಲ ಬಿಸಿಲು ಚೆನ್ನಾಗಿತ್ತು, ರಾತ್ರಿಯ ಚಳಿ ಬೆಳೆಯನ್ನು ಕುಂಠಿತಗೊಳಿಸಿತು. ಆ ಚಳಿಯ ಪ್ರಶ್ನೆ ನಮ್ಮ ಮದರಾಸಿನಲ್ಲಿಲ್ಲ, ಬಿಡಿ! 1996ರಲ್ಲಿ ಅವರು ಅಂಗಡಿ ಮುಚ್ಚಿದರು. ಪೆಟ್ರೋಲಿಯಂ ಮತ್ತೆ ಅಗ್ಗವಾಗಿತ್ತು.

ಇನ್ನು ಮೈಸೂರಿಗೆ ಬರೋಣ. 1950ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವನ್ನು ಮೈಸೂರಿನವರು ಸಿ.ಎಫ್.ಟಿ.ಆರ್.ಐ. ಎಂದೇ ಕರೆಯುತ್ತಾರೆ. ಎಪ್ಪತ್ತರ ದಶಕದಲ್ಲಿ ಜರ್ಮನಿಯ ಸಹಕಾರದೊಂದಿಗೆ ಅಲ್ಲಿ ಪಾಚಿ ಬೆಳೆಸುವ ದೊಡ್ಡ ಪ್ರಯತ್ನ ನಡೆಯಿತು. ಎಲ್. ವಿ. ವೆಂಕಟರಾಮನ್ ಅವರೂ ಜರ್ಮನಿಯ ಬೆಕರ್ ಅವರೂ ಅದರ ಮುಂದಾಳುಗಳು. ಅವರಿಬ್ಬರು ಸೇರಿ ಬರೆದ ಗ್ರಂಥ 1982ರಲ್ಲಿ ಪ್ರಕಟವಾಯಿತು. ಅವರ ಗುರಿ ಎಣ್ಣೆಯಲ್ಲ, ಪ್ರೋಟೀನು. ಹಸಿದ ದೇಶಕ್ಕೆ ಬೇಳೆಯ ಜೊತೆಗೆ ಇನ್ನೊಂದು ಪುಷ್ಟಿಯ ಆಹಾರ ಬೇಕಾಗಿತ್ತು. ಆದರೆ ಬೆಳೆಸುವ ಕೊಳ, ನೀರನ್ನು ಕದಡುವ ಕ್ರಮ, ಕೊಯ್ಲು, ಒಣಗಿಸುವಿಕೆ ಎಲ್ಲವೂ ಎಣ್ಣೆಗೂ ಅವೇ. ಆದ್ದರಿಂದ ನಮ್ಮ ದೇಶದಲ್ಲಿ ಪಾಚಿಯ ಕೊಯ್ಲಿನ ಕಷ್ಟಸುಖಗಳನ್ನು ಕೈಯಾರೆ ಅನುಭವಿಸಿ ಬರೆದಿಟ್ಟವರಲ್ಲಿ ಇವರು ಮೊದಲಿಗರು ಎನ್ನಬಹುದು.

ಅವರು ಮೊದಲು ಹಿಡಿದದ್ದು ಸೀನೆಡೆಸ್ಮಸ್ ಎಂಬ ಹಸಿರು ಪಾಚಿಯನ್ನು. ಬೆಳೆಯಿತು, ಯಥೇಚ್ಛವಾಗಿ ಬೆಳೆಯಿತು. ಕಷ್ಟ ಬಂದದ್ದು ಕೊಯ್ಲಿಗೆ.

ಪಾಚಿಯ ಕೊಯ್ಲು ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಇಡೀ ಚರಿತ್ರೆಯ ಕೀಲು ಇಲ್ಲಿದೆ. ಭತ್ತದ ಗದ್ದೆಯಲ್ಲಿ ತೆನೆ ಕಣ್ಣಿಗೆ ಕಾಣುತ್ತದೆ, ಕುಡುಗೋಲಿಗೆ ಸಿಗುತ್ತದೆ. ಕಡು ಹಸಿರಾಗಿ ಕಾಣುವ ತೆರೆದ ಕೊಳದ ಒಂದು ಲೀಟರ್ ನೀರಿನಲ್ಲಿ ಒಣ ತೂಕದ ಪಾಚಿ ಇರುವುದು ಅರ್ಧ ಗ್ರಾಂ, ಹೆಚ್ಚೆಂದರೆ ಒಂದು ಗ್ರಾಂ. ಉಳಿದುದೆಲ್ಲ ನೀರು. ಕೋಶದ ಗಾತ್ರ ಐದರಿಂದ ಹತ್ತು ಮೈಕ್ರಾನು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ಮನೆಯ ಕಾಫಿ ಫಿಲ್ಟರಿಗೆ ಆ ನೀರನ್ನು ಹುಯ್ದರೆ ಅಷ್ಟೂ ಹಸಿರು ಕೆಳಗಿನ ಪಾತ್ರೆಗೆ ಇಳಿದುಬಿಡುತ್ತದೆ. ಒತ್ತಾದ ಬಟ್ಟೆ ಕಟ್ಟಿದರೆ ಅದು ಕೆಲವೇ ನಿಮಿಷಗಳಲ್ಲಿ ಲೋಳೆ ಕಟ್ಟಿ ನಿಲ್ಲುತ್ತದೆ. ತಾನಾಗಿಯೇ ತಳಕ್ಕೆ ಇಳಿಯಲೆಂದು ಬಿಟ್ಟರೆ, ಕೋಶದ ತೂಕ ನೀರಿಗಿಂತ ಒಂದಿಷ್ಟೇ ಹೆಚ್ಚು, ಇಳಿಯುವುದು ಬಹು ನಿಧಾನ. ಮೇಲಾಗಿ ಪ್ರತಿ ಕೋಶದ ಮೈಮೇಲೂ ಋಣ ವಿದ್ಯುದಂಶವಿದೆ. ಒಂದು ಇನ್ನೊಂದನ್ನು ದೂರ ತಳ್ಳುತ್ತದೆ. ಜಗಳಗಂಟ ಅಣ್ಣತಮ್ಮಂದಿರಂತೆ ಒಂದೇ ಮನೆಯಲ್ಲಿದ್ದೂ ಒಟ್ಟಿಗೆ ಕೂರುವುದಿಲ್ಲ.

ಇವುಗಳನ್ನು ಕೂಡಿಸುವ ಉಪಾಯ ನಮ್ಮ ಅಜ್ಜಿಯರಿಗೆ ಗೊತ್ತಿತ್ತು ಎಂದರೆ ನಗಬೇಡಿ. ಮಳೆಗಾಲದ ಕೆಂಪು ನೀರನ್ನು ತಿಳಿಯಾಗಿಸಲು ಕೊಡದ ಒಳಮೈಗೆ ಚಿಲ್ಲದ ಬೀಜವನ್ನು ಉಜ್ಜುತ್ತಿದ್ದರಲ್ಲ, ಅದೇ ತತ್ತ್ವ. ತಮಿಳರ ತೇತ್ತಾಂಕೊಟ್ಟೆಯೂ ಸಂಸ್ಕೃತದ ಕತಕವೂ ಇದೇ. ನುಗ್ಗೆ ಬೀಜದ ಪುಡಿಗೂ ಪಟಿಕಕ್ಕೂ ಆ ಗುಣವಿದೆ. ಧನ ವಿದ್ಯುದಂಶದ ಪದಾರ್ಥ ನೀರಿಗೆ ಬಿದ್ದೊಡನೆ ಕಣಗಳ ನಡುವಿನ ವೈರ ತಣಿದು, ಅವು ಗುಂಪು ಗುಂಪಾಗಿ ಹೆಪ್ಪುಗಟ್ಟಿ ತಳ ಸೇರುತ್ತವೆ. ಇದೇ ಕೆಲಸಕ್ಕೆ ಸೀಗಡಿಯ ಚಿಪ್ಪಿನಿಂದ ಮಾಡಿದ ಕೈಟೊಸಾನ್ ಎಂಬ ವಸ್ತುವನ್ನೂ ಬಳಸಿ ನೋಡಿದ್ದಾರೆ. ಎಲ್ಲವೂ ಕೆಲಸ ಮಾಡುತ್ತವೆ. ಆದರೆ ಪಟಿಕ ಹಾಕಿದರೆ ಅದರ ಅಲ್ಯುಮಿನಿಯಂ ಪಾಚಿಯ ಜೊತೆಗೇ ಉಳಿದು ತಿನ್ನಲೂ ತಿನ್ನಿಸಲೂ ಬಾರದಾಗುತ್ತದೆ, ಕೈಟೊಸಾನ್ ಹಾಕಿದರೆ ಕಾಸು ಹೆಚ್ಚು. ಇನ್ನು ಯಂತ್ರದ ದಾರಿ: ಹಾಲಿನಿಂದ ಕೆನೆ ಬೇರ್ಪಡಿಸುವಂತೆ ವೇಗವಾಗಿ ತಿರುಗಿಸುವ ಸೆಂಟ್ರಿಫ್ಯೂಜು. ಇದರಷ್ಟು ಅಚ್ಚುಕಟ್ಟಾದುದು ಇನ್ನೊಂದಿಲ್ಲ, ಇದರಷ್ಟು ಕರೆಂಟು ತಿನ್ನುವುದೂ ಇನ್ನೊಂದಿಲ್ಲ. ಪಾಚಿ ಬೆಳೆಯ ಒಟ್ಟು ಖರ್ಚಿನಲ್ಲಿ ಶೇಕಡಾ 20ರಿಂದ 30ರಷ್ಟು ಕೊಯ್ಲಿಗೇ ಹೋಗುತ್ತದೆಂದು 1980ರ ದಶಕದಲ್ಲೇ ವಿಜ್ಞಾನಿಗಳು ಲೆಕ್ಕ ಕೊಟ್ಟಿದ್ದರು.

ಮೈಸೂರಿನವರು ಸೀನೆಡೆಸ್ಮಸನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಅದರ ಗಟ್ಟಿ ಹೊರಗೋಡೆ ಒಡೆಯಲೆಂದು ಬಿಸಿ ಉರುಳೆಯ ಮೇಲೆ ಒಣಗಿಸಿ, ಇಲಿಗಳಿಗೆ ತಿನ್ನಿಸಿ ಗುಣ ಪರೀಕ್ಷೆ ಮಾಡಿದರು. ಆಹಾರವಾಗಿ ಅದು ಒಳ್ಳೆಯದೆಂದು ತೋರಿತು. ಹಳ್ಳಿಯಲ್ಲಿ ಮಾಡಲಾಗದೆಂಬುದೂ ತೋರಿತು. ಸೆಂಟ್ರಿಫ್ಯೂಜನ್ನೂ ಉಗಿಯ ಉರುಳೆಯನ್ನೂ ಯಾವ ಹಳ್ಳಿಗೆ ಹೊತ್ತುಕೊಂಡು ಹೋಗುವುದು? ಆಗ ಅವರ ಗಮನ ಸ್ಪಿರುಲಿನ ಎಂಬ ನೀಲಿ–ಹಸಿರು ಪಾಚಿಯ ಕಡೆ ತಿರುಗಿತು.

ಅದೇ ಕಾಲಕ್ಕೆ ವೇಲಚೇರಿಯ ಪಕ್ಕದ ತರಮಣಿಯಲ್ಲಿ ಮತ್ತೊಬ್ಬರು ಇದೇ ಪಾಚಿಯನ್ನು ಹಿಡಿದು ಕುಳಿತಿದ್ದರು. ಅವರು ಸಿ. ವಿ. ಶೇಷಾದ್ರಿ, ಕೆಮಿಕಲ್ ಎಂಜಿನಿಯರು, ಕಾನ್ಪುರದ ಐ.ಐ.ಟಿ.ಯಲ್ಲಿ ಪ್ರೊಫೆಸರಾಗಿದ್ದು ಮದರಾಸಿಗೆ ಬಂದು ಮುರುಗಪ್ಪ ಚೆಟ್ಟಿಯಾರ್ ಸಂಶೋಧನ ಕೇಂದ್ರದ ನಿರ್ದೇಶಕರಾದವರು. ಸೂರ್ಯನ ಬೆಳಕನ್ನು ಹಿಡಿದಿಡುವ ಹಸಿರನ್ನು ಒಬ್ಬ ಎಂಜಿನಿಯರು ಹೇಗೆ ನೋಡಬೇಕೆಂಬುದನ್ನು ಕುರಿತು ಆ ಕೇಂದ್ರ ಒಂದು ಗ್ರಂಥಮಾಲೆಯನ್ನೇ ಹೊರಡಿಸಿತು. ಶಕ್ತಿ ಎಂಬ ಮಾತಿನ ಅರ್ಥವನ್ನೇ ಶೇಷಾದ್ರಿಯವರು ಪ್ರಶ್ನಿಸಿದರು. ಕಾರ್ಖಾನೆಯ ಯಂತ್ರಕ್ಕೆ ಹೊಂದುವುದನ್ನು ಮಾತ್ರ ಶಕ್ತಿಯೆಂದು ಎಣಿಸಿ, ಬಿಸಿಲಿನಲ್ಲಿ ಮೆಲ್ಲಗೆ ನಡೆಯುವ ನಿಸರ್ಗದ ಕೆಲಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ಅವರ ಆಕ್ಷೇಪಣೆ. ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ. ಪಾಚಿಯ ವಿಷಯದಲ್ಲಿ ಅವರ ಕಣ್ಣು ಸರಿಯಾದ ಜಾಗದ ಮೇಲೆ ಬಿದ್ದಿತ್ತೆಂದು ನನಗೆ ತೋರುತ್ತದೆ. ಅವರು ದೊಡ್ಡ ಯಂತ್ರ ಬೇಡುವ ಪಾಚಿಯನ್ನು ಬಿಟ್ಟು, ಹಳ್ಳಿಯ ಹೆಂಗಸರು ತೊಟ್ಟಿಯಲ್ಲಿ ಬೆಳೆದು ಬಟ್ಟೆಯಲ್ಲಿ ಸೋಸಬಹುದಾದ ಪಾಚಿಯನ್ನು ಆರಿಸಿಕೊಂಡರು.

ಸ್ಪಿರುಲಿನದ ಗುಟ್ಟು ಅದರ ಆಕಾರದಲ್ಲಿದೆ. ಅದು ಒಂಟಿ ಉಂಡೆಯಲ್ಲ. ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಉದ್ದನೆಯ ಎಳೆ. ಆದ್ದರಿಂದ ಬಟ್ಟೆಯ ಮೇಲೆ ನಿಲ್ಲುತ್ತದೆ. ಕ್ಷಾರದ ನೀರಿನಲ್ಲಿ ಬೆಳೆಯುವುದರಿಂದ ಬೇರೆ ಪಾಚಿಗಳ ಕಳೆಯೂ ಕಡಿಮೆ. ಆಫ್ರಿಕದ ಚಾಡ್ ಸರೋವರದ ದಡದ ಕಾನೆಂಬು ಹೆಂಗಸರು ಎಷ್ಟೋ ತಲೆಮಾರುಗಳಿಂದ ಇದನ್ನು ನೀರಿನಿಂದ ಬಳಿದು ತೆಗೆದು, ಮರಳ ಗುಳಿಯಲ್ಲಿ ಸುರಿದು, ಒಣಗಿಸಿ ಬಿಲ್ಲೆ ಮಾಡಿ, ಮೇಲೋಗರಕ್ಕೆ ಹಾಕುತ್ತ ಬಂದಿದ್ದಾರೆ. ಮೆಕ್ಸಿಕೋದ ಆಜ್ಟೆಕರು ಸಣ್ಣ ಕಣ್ಣಿನ ಬಲೆಯಲ್ಲಿ ಇದನ್ನು ಎತ್ತುತ್ತಿದ್ದುದನ್ನು ಸ್ಪೇನಿನವರು ಬರೆದಿಟ್ಟಿದ್ದಾರೆ. ಅಂದರೆ ವಿಜ್ಞಾನ ಹುಟ್ಟುವ ಮೊದಲೇ ಮನುಷ್ಯ ಕೊಯ್ದ ಪಾಚಿ ಯಾವುದೆಂದರೆ ಬಟ್ಟೆಗೆ ಸಿಕ್ಕಿದ ಪಾಚಿ. ತರಮಣಿಯ ಕೆಲಸದ ಫಲವಾಗಿ 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಸಾವಿರಾರು ಪುಟ್ಟ ಮಕ್ಕಳಿಗೆ ಈ ಪಾಚಿಯನ್ನು ಆಹಾರದಲ್ಲಿ ಸೇರಿಸಿ ಕೊಟ್ಟು, ಎ ಜೀವಸತ್ತ್ವದ ಕೊರತೆಯಿಂದ ಕಣ್ಣಿನಲ್ಲಿ ಮೂಡುವ ಮಚ್ಚೆಗಳು ಕಡಿಮೆಯಾಗುವುದನ್ನು ನೋಡಲಾಯಿತು. ಶೇಷಾದ್ರಿಯವರು 1995ರಲ್ಲಿ ತೀರಿಕೊಂಡರು.

ಆದರೆ ನಿಸರ್ಗದ ಕುಚೇಷ್ಟೆ ನೋಡಿ. ಬಟ್ಟೆಗೆ ಸಿಗುವ ಸ್ಪಿರುಲಿನದಲ್ಲಿ ನೂರಕ್ಕೆ ಅರವತ್ತರಷ್ಟು ಪ್ರೋಟೀನು. ಕೊಬ್ಬು ಮಾತ್ರ ಏಳೆಂಟು. ಎಣ್ಣೆ ತೆಗೆಯಲು ಅದು ಸಲ್ಲದು. ಕೊಬ್ಬು ಕೂಡಿಡುವ ಕ್ಲೋರೆಲ್ಲ, ಸೀನೆಡೆಸ್ಮಸ್‌ಗಳು ಬಟ್ಟೆಗೆ ಸಿಗವು. ಎರಡನ್ನೂ ಕೂಡಿಸಿಕೊಂಡ ಸಿಹಿನೀರಿನ ಪಾಚಿಯೊಂದಿದೆ, ಬೊಟ್ರಿಯೊಕಾಕಸ್ ಎಂದು. ಅದರ ಕೋಶಗಳು ಗೊಂಚಲಾಗಿ ಬೆಳೆದು, ತಮ್ಮ ಎಣ್ಣೆಯ ಬಲದಿಂದಲೇ ನೀರ ಮೇಲೆ ತೇಲುತ್ತವೆ. ಎಣ್ಣೆಯೂ ಪೆಟ್ರೋಲಿಯಂಗೆ ತೀರ ಹತ್ತಿರದ ಜಾತಿಯದು. ಈ ಶತಮಾನದ ಮೊದಲ ದಶಕದಲ್ಲಿ ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ನಮ್ಮ ದೇಶದ ಸಿಹಿನೀರಿನಲ್ಲೇ ಇದನ್ನು ಹುಡುಕಿ ತೆಗೆದು ಬೆಳೆಸಿದರು. ಅದರ ದೋಷ ಒಂದೇ: ಬೆಳವಣಿಗೆ ಆಮೆಯ ನಡಿಗೆ. ಬೇರೆ ಪಾಚಿ ಒಂದು ದಿನದಲ್ಲಿ ಇಮ್ಮಡಿಯಾದರೆ ಇದಕ್ಕೆ ಹಲವು ದಿನ ಬೇಕು. ತೆರೆದ ಕೊಳದಲ್ಲಿ ಅಷ್ಟು ಹೊತ್ತಿಗೆ ಬೇರೆ ಪಾಚಿಗಳು ಬಂದು ಜಾಗ ಹಿಡಿದುಬಿಡುತ್ತವೆ.

2008ರ ಜುಲೈಯಲ್ಲಿ ಕಚ್ಚಾ ತೈಲ ಪೀಪಾಯಿಗೆ 147 ಡಾಲರು ಮುಟ್ಟಿತಷ್ಟೆ, ಹಳೆಯ ಕನಸುಗಳೆಲ್ಲ ಎದ್ದು ಕುಳಿತವು. ಪತ್ರಿಕೆಗಳಲ್ಲಿ ಎಕರೆಗೆ ಇಷ್ಟು ಸಾವಿರ ಲೀಟರು ಎಂಬ ಲೆಕ್ಕಗಳು ಹರಿದಾಡಿದವು. 2009ರಲ್ಲಿ ಎಕ್ಸಾನ್‌ಮೊಬಿಲ್ ಕಂಪನಿ ಪಾಚಿ ಎಣ್ಣೆಗೆ 60 ಕೋಟಿ ಡಾಲರುಗಳವರೆಗೆ ಹಾಕುವುದಾಗಿ ಸಾರಿತು. 2011ರಲ್ಲಿ ಅಮೆರಿಕದಲ್ಲಿ ಪಾಚಿ ಎಣ್ಣೆ ಬೆರೆಸಿದ ಇಂಧನದಿಂದ ಪ್ರಯಾಣಿಕರ ವಿಮಾನವೂ ಹಾರಿತು. ಕರ್ನಾಟಕದ ನಾವು ಆ ಹೊತ್ತಿಗೆ ಹೊಂಗೆಯ ಮಾತಾಡುತ್ತಿದ್ದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಎಂಜಿನ್ ಓಡಿಸಿ ಹಳ್ಳಿಗಳಿಗೆ ದೀಪವನ್ನೂ ನೀರನ್ನೂ ಕೊಡಬಹುದೆಂದು ತೋರಿಸಿದ್ದರು. ಹೊಂಗೆಯನ್ನು ಕೋಲಿನಿಂದ ಉದುರಿಸಿ, ಸಿಪ್ಪೆ ಬಿಡಿಸಿ, ಗಾಣಕ್ಕೆ ಹಾಕಿದರೆ ಮುಗಿಯಿತು. ಪಾಚಿಯ ಪಕ್ಷದವರು ಎಕರೆಯ ಇಳುವರಿಯಲ್ಲಿ ಹೊಂಗೆಯನ್ನು ಎಲ್ಲೋ ಹಿಂದಿಟ್ಟರು, ನಿಜ. ಗಾಣಕ್ಕೆ ಹಾಕುವ ಮೊದಲಿನ ಕೆಲಸವನ್ನು ಮಾತ್ರ ಸಣ್ಣ ಅಕ್ಷರದಲ್ಲಿ ಬರೆದರು.

ಆ ಸಣ್ಣ ಅಕ್ಷರವನ್ನು ವೇಲಚೇರಿಯ ಕೆರೆಯ ಮೇಲಿಟ್ಟು ಓದೋಣ. ಇದು ನನ್ನದೇ ಮನೆಲೆಕ್ಕ. ಯಾವ ಇಲಾಖೆಯದೂ ಅಲ್ಲ. ಕೆರೆಯ 55 ಎಕರೆಯನ್ನೂ ಪಾಚಿ ಬೆಳೆಸುವ ಕೊಳವಾಗಿ ಮಾಡಿದೆವೆಂದು ಊಹಿಸಿ. (ಹಾಗೆ ಮಾಡಿದರೆ ಅದು ಕೆರೆಯಾಗಿ ಉಳಿಯುವುದಿಲ್ಲ, ಆ ಮಾತು ಬೇರೆ.) ಚದರ ಮೀಟರಿಗೆ ದಿನಕ್ಕೆ 15 ಗ್ರಾಂ ಒಣ ಪಾಚಿ ಬಂದರೆ ಅದು ಒಳ್ಳೆಯ ಬೆಳೆ. ಒಟ್ಟು ದಿನಕ್ಕೆ ಸುಮಾರು 3.3 ಟನ್ ಆಯಿತು. ಅದರಲ್ಲಿ ಐದನೆಯ ಒಂದು ಪಾಲು ಎಣ್ಣೆಯೆಂದರೆ 700 ಲೀಟರಿಗೆ ಸ್ವಲ್ಪ ಮೇಲು. ಊರೊಳಗೆ ಓಡುವ ಒಂದು ಬಸ್ಸಿಗೆ ದಿನಕ್ಕೆ 45 ಲೀಟರ್ ಡೀಸೆಲ್ ಎಂದಿಟ್ಟುಕೊಂಡರೆ ಹದಿನೈದು ಹದಿನಾರು ಬಸ್ಸುಗಳು ಓಡುತ್ತವೆ. ಪರವಾಗಿಲ್ಲ ಅನ್ನಿಸುತ್ತದೆ, ಅಲ್ಲವೇ? ಈಗ ಕೊಯ್ಲಿನ ಕಡೆ ನೋಡಿ. ಲೀಟರಿಗೆ ಅರ್ಧ ಗ್ರಾಮಿನಂತೆ ಆ 3.3 ಟನ್ ಪಾಚಿ ತೆಗೆಯಲು ದಿನವೂ 66 ಲಕ್ಷ ಲೀಟರ್ ನೀರನ್ನು ಶೋಧಿಸಬೇಕು. ಬೇಸಗೆಯಲ್ಲಿ ನಮ್ಮ ಬೀದಿಗಳಿಗೆ ಬರುವ 12,000 ಲೀಟರಿನ ನೀರಿನ ಲಾರಿಗಳ ಲೆಕ್ಕದಲ್ಲಿ ಹೇಳುವುದಾದರೆ 550 ಲಾರಿ. ಹದಿನೈದು ಬಸ್ಸು ಓಡಿಸಲು ಪ್ರತಿನಿತ್ಯ 550 ಲಾರಿ ನೀರನ್ನು ಎತ್ತಿ, ಸೋಸಿ, ಮತ್ತೆ ಕೊಳಕ್ಕೆ ಬಿಡಬೇಕು. 2019ರ ಬೇಸಗೆಯಲ್ಲಿ ಒಂದು ಲಾರಿ ನೀರಿಗೆ ವಾರಗಟ್ಟಲೆ ಕಾದವರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಸೆಂಟ್ರಿಫ್ಯೂಜಿನಿಂದ ಹೊರಬಂದದ್ದು ಪುಡಿಯಲ್ಲ, ದೋಸೆ ಹಿಟ್ಟಿನಂಥ ಮುದ್ದೆ. ಐದು ಕಿಲೋ ಮುದ್ದೆಯಲ್ಲಿ ಒಂದು ಕಿಲೋ ಪಾಚಿ, ನಾಲ್ಕು ಕಿಲೋ ನೀರು. ಆ ನಾಲ್ಕು ಕಿಲೋ ನೀರನ್ನು ಬೆಂಕಿಯಿಂದ ಆವಿ ಮಾಡಲು ಕಡಿಮೆಯೆಂದರೂ 9 ಮೆಗಾಜೂಲ್ ಶಾಖ ಬೇಕು. ಒಂದು ಕಿಲೋ ಪಾಚಿಯ ಎಣ್ಣೆಯಲ್ಲಿ ಅಡಗಿರುವ ಶಕ್ತಿ ಸುಮಾರು 7ರಿಂದ 8 ಮೆಗಾಜೂಲ್. ಮೂಗಿಗಿಂತ ಮೂಗುತಿ ಭಾರ! ಬಿಸಿಲಿನಲ್ಲಿ ಒಣಗಿಸಬಹುದಲ್ಲ ಎನ್ನಬಹುದು. ಹಪ್ಪಳ ಸಂಡಿಗೆಯಂತೆ ಒಣಗಿಸಬಹುದು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಮಳೆಯಲ್ಲಿ ಏನು ಮಾಡುವುದು? ದಿನಕ್ಕೆ ಮೂರು ಟನ್ ಹಪ್ಪಳ ಹರವಲು ಮಾಳಿಗೆ ಎಲ್ಲಿದೆ? ಹಸಿ ಮುದ್ದೆಯನ್ನೇ ಒತ್ತಡದ ಪಾತ್ರೆಯಲ್ಲಿ ಬೇಯಿಸಿ ಎಣ್ಣೆ ಮಾಡುವ ಕ್ರಮವನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಒಣಗಿಸುವ ಕಾಟ ಅದರಿಂದ ತಪ್ಪುತ್ತದೆ, ಶೋಧಿಸುವ ಕಾಟ ತಪ್ಪದು.

ಹಾಗೆಂದು ಇಷ್ಟು ವರ್ಷಗಳ ಕೆಲಸವೆಲ್ಲ ನೀರಿನಲ್ಲಿ ಹೋಮವಾಯಿತೆಂದು ತಿಳಿಯಬಾರದು. ಮದರಾಸಿನ ಪಾಚಿಶಾಸ್ತ್ರದ ಒಂದು ಕವಲು ಎಣ್ಣೆಯನ್ನು ಬಿಟ್ಟು ನೀರನ್ನೇ ಬೆಳೆಯೆಂದು ಎಣಿಸಿತು. ಮೈಲಾಪುರದ ವಿವೇಕಾನಂದ ಕಾಲೇಜಿನ ಪಾಚಿಶಾಸ್ತ್ರಜ್ಞರು ರಾಣಿಪೇಟೆಯ ಕಾರ್ಖಾನೆಯೊಂದರ ಆಮ್ಲಭರಿತ ಕೊಳಚೆಯನ್ನು ಪಾಚಿಯಿಂದ ಶುದ್ಧಗೊಳಿಸಿದ ಕ್ರಮ 2009ರಲ್ಲಿ ಪ್ರಕಟವಾಯಿತು. ಆ ಕೆಲಸ ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಲ್ಲ, ಕಾರ್ಖಾನೆಯ ಅಂಗಳದಲ್ಲೇ ನಡೆದದ್ದು. ಇಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ನೀರು ತಿಳಿಯಾಗುವುದೇ ಲಾಭ. ಪಾಚಿಯಿಂದ ಏನಾದರೂ ಬಂದರೆ ಅದು ಕೊಸರು. ಆಸ್ವಾಲ್ಡ್ ಅವರು 1960ರಲ್ಲಿ ಚರಂಡಿ ನೀರಿನಿಂದಲೇ ಆರಂಭಿಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಪಳ್ಳಿಕರಣೆಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಹುಟ್ಟಿದ್ದು 1993ರಲ್ಲಿ. ವೇಲಚೇರಿಯಿಂದ ತಾಂಬರಂಗೆ ಹೋಗುವ ಬಸ್ಸಿನಲ್ಲಿ ಕುಳಿತರೆ ಅದರ ಫಲಕ ಕಾಣುತ್ತದೆ. ಅಲ್ಲಿಯ ವಿಜ್ಞಾನಿಗಳು ಇಂಧನಕ್ಕೆಂದು ಕೈಹಾಕಿದ್ದು ಕಡಲ ಪಾಚಿಗಳಿಗೆ. ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ಉಪ್ಪುನೀರಿನ ಪಾಚಿಯನ್ನು ಆರಿಸಿಕೊಂಡದ್ದು ವಿವೇಕದ ಕೆಲಸವೇ.

ಎಕ್ಸಾನ್‌ಮೊಬಿಲ್ ತನ್ನ ಪಾಚಿ ಎಣ್ಣೆಯ ಕೆಲಸವನ್ನು ಕೈಬಿಟ್ಟ ಸುದ್ದಿ 2023ರಲ್ಲಿ ಬಂತು. ವಿಮಾನಕ್ಕೆ ಎಣ್ಣೆ ಕೊಟ್ಟ ಸೊಲಜೈಮ್ ಎಂಬ ಕಂಪನಿ ಆಹಾರದ ವ್ಯಾಪಾರಕ್ಕೆ ತಿರುಗಿ, ಹೆಸರು ಬದಲಾಯಿಸಿ, 2017ರಲ್ಲಿ ದಿವಾಳಿಯೆದ್ದಿತು. ನಮ್ಮ ಸರ್ಕಾರದ 2018ರ ಜೈವಿಕ ಇಂಧನ ನೀತಿಯಲ್ಲಿ ಪಾಚಿಗೂ ಜಾಗವಿದೆ. ಪೆಟ್ರೋಲ್ ಬಂಕಿಗೆ ಬಂದು ತಲುಪಿದ್ದು ಮಾತ್ರ ಕಬ್ಬು ಮತ್ತು ಧಾನ್ಯಗಳ ಎಥೆನಾಲು. ಪಳ್ಳಿಕರಣೆಯ ಜೌಗು ನೆಲ 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಾನ್ಯತೆ ಪಡೆಯಿತು. ವೇಲಚೇರಿಯ ಕೆರೆಗೆ ಅಂಥ ಭಾಗ್ಯ ಬಂದಿಲ್ಲ. ಅದಕ್ಕೆ ಸೇರುವ ಕೊಳಚೆಯಲ್ಲಿ ಪಾಚಿಗೆ ಬೇಕಾದ ಸಾರಜನಕಕ್ಕೂ ರಂಜಕಕ್ಕೂ ಕೊರತೆಯಿಲ್ಲ.

ಮಕ್ಕಳ ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ, ಮಳೆ ನಿಂತ ಜನವರಿಯಲ್ಲಿ ಯಾವುದಾದರೂ ಕೆರೆಯ ಹಸಿರು ನೀರನ್ನು ಒಂದು ಸಣ್ಣ ಶೀಸೆಯಲ್ಲಿ ತುಂಬಿ ಕಳಿಸಿ. ಒಂದು ಹನಿಯಲ್ಲಿ ನಾಲ್ಕು ನಾಲ್ಕು ಕೋಶಗಳು ಬಾಳೆಯ ಚಿಪ್ಪಿನಂತೆ ಪಕ್ಕಪಕ್ಕದಲ್ಲಿ ಅಂಟಿಕೊಂಡು ನಿಂತಿರುವುದು ಕಂಡರೆ ಅದೇ ಸೀನೆಡೆಸ್ಮಸ್. ಮೈಸೂರಿನವರು ಉರುಳೆಯ ಮೇಲೆ ಒಣಗಿಸಿದ್ದು ಅದನ್ನೇ. ಸ್ಪ್ರಿಂಗಿನಂತೆ ಸುತ್ತಿದ ಎಳೆ ಕಂಡರೆ ಅದು ತರಮಣಿಯ ಬಟ್ಟೆಯಲ್ಲಿ ನಿಂತ ಪಾಚಿಯ ನಂಟ. ಅವುಗಳ ಉಳಿದ ಬಂಧುಗಳ ಹೆಸರು ಬೇಕಾದರೆ ಫಿಲಿಪೋಸರ, ದೇಶಿಕಾಚಾರಿಯವರ ಗ್ರಂಥಗಳಲ್ಲಿ ಚಿತ್ರಸಮೇತ ಇವೆ.